ಗುಡ್ಡ ಹತ್ತುವ ನೀರು

ಲೇಹ್‌ನಿಂದ ಕಾರ್ಗಿಲ್ ಕಡೆಗೆ ಸುಮಾರು 30 ಕಿಲೋಮೀಟರ್ ಹೋದರೆ ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಚೌಕ ಬರೆದಿದ್ದಾರೆ. ಅದರೊಳಗೆ ಕಾರು ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಬಿಟ್ಟರೆ ಸಾಕು, ತಾನಾಗೇ ಏರು ಹತ್ತುತ್ತದೆ. ಇದೇ ಮ್ಯಾಗ್ನೆಟಿಕ್ ಹಿಲ್. ಗುಡ್ಡದೊಳಗೆ ಭಾರಿ ಅಯಸ್ಕಾಂತ ಇದೆಯಂತೆ, ಮೇಲೆ ಹಾರುವ ವಿಮಾನವನ್ನೂ ಎಳೆಯುತ್ತದಂತೆ. ಪುಣ್ಯವಂತರನ್ನು ಸ್ವರ್ಗಕ್ಕೆ ಎಳೆದೊಯ್ಯುತ್ತಿದ್ದ ದಾರಿ ಇದು ಅಂತಲೂ ಒಂದು ಕಥೆ ಇದೆ. ಕಥೆ ಚೆನ್ನಾಗಿದೆ. ಅಯಸ್ಕಾಂತ ಮಾತ್ರ ಶುದ್ಧ ಸುಳ್ಳು. ಕಾರನ್ನೇ ಎಳೆಯುವಷ್ಟು ಜೋರಿದ್ದರೆ ನಿಮ್ಮ ಕೈಯಲ್ಲಿರುವ ಕೀ ಗೊಂಚಲು ಮೊದಲು ಹಾರಬೇಕಿತ್ತು, ಅಲ್ವಾ?

ಆ ರಸ್ತೆ ನಿಜಕ್ಕೂ ಇಳಿಜಾರು. ಕಣ್ಣಿಗೆ ಏರಾಗಿ ಕಾಣುತ್ತದೆ, ಅಷ್ಟೇ. ಯಾವುದು ಏರು, ಯಾವುದು ಇಳಿಜಾರು ಎಂದು ಹೇಳಲು ಕಣ್ಣಿಗೆ ದಿಗಂತದ ಗೆರೆ ಬೇಕು. ಸುತ್ತ ಬೆಟ್ಟಗಳಿದ್ದರೆ ಆ ಗೆರೆ ಮುಚ್ಚಿಹೋಗುತ್ತದೆ. ಆಗ ಮಿದುಳು ಕೈಗೆ ಸಿಕ್ಕಿದ್ದನ್ನೇ ಮಟ್ಟ ಅಂದುಕೊಳ್ಳುತ್ತದೆ. ಗಾರೆ ಮೇಸ್ತ್ರಿ ರಸಮಟ್ಟ ಮರೆತು ಬಂದು, ಪಕ್ಕದ ಸೊಟ್ಟ ಗೋಡೆ ನೋಡಿಕೊಂಡು ಹೊಸ ಗೋಡೆ ಎಬ್ಬಿಸಿದ ಹಾಗೆ. ಕಡಿದಾದ ಇಳಿಜಾರಿನ ಮುಂದೆ ಸಣ್ಣ ಇಳಿಜಾರು ಬಂದರೂ ಇದೇ ಮೋಸ, ಎರಡನೆಯದು ಏರಿನಂತೆ ಕಾಣಬಹುದು. ಜಾಮೂನು ತಿಂದ ಮೇಲೆ ಕಾಫಿಗೆ ಸಕ್ಕರೆನೇ ಹಾಕಿಲ್ಲ ಅನ್ನಿಸುತ್ತದಲ್ಲ, ಹಾಗೆ. ಇನ್ನೂ ಬೇಕೆಂದರೆ, ಸ್ಟೇಷನ್ನಿನಲ್ಲಿ ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತು ಎಂದು ಬೆಚ್ಚಿಬೀಳುತ್ತೇವಲ್ಲ, ಅದೂ ಇದರ ನೆಂಟನೇ.

ಗುಜರಾತಿನ ತುಳಸಿಶ್ಯಾಮದಲ್ಲೂ ಇಂಥದ್ದೊಂದು ರಸ್ತೆ ಇದೆ. ಕೆನಡಾದ ಮಾಂಕ್ಟನ್‌ಗೆ ಜನ 1930ರ ದಶಕದಿಂದಲೂ ಇದನ್ನು ನೋಡಲೆಂದೇ ಹೋಗುತ್ತಿದ್ದಾರೆ. ಹೆಸರು ಅಲ್ಲೂ ಮ್ಯಾಗ್ನೆಟಿಕ್ ಹಿಲ್ಲೇ!

2003ರಲ್ಲಿ ಇಟಲಿಯ ಮನೋವಿಜ್ಞಾನಿ ಪಾವೊಲಾ ಬ್ರೆಸ್ಸಾನ್ ಮತ್ತು ಸಂಗಡಿಗರು ಈ ಗುಡ್ಡವನ್ನು ಮೇಜಿನ ಮೇಲೇ ತಂದಿಟ್ಟರು. ಪುಟ್ಟ ರಸ್ತೆಯ ಮಾದರಿಗಳನ್ನು ಮಾಡಿ, ಯಾವುದು ಏರು ಎಂದು ಜನರನ್ನು ಕೇಳಿದರು. ಜನ ತಪ್ಪು ಹೇಳಿದ ಮೇಲೆ, ಅದೇ 'ಏರಿನ' ಮೇಲೆ ಒಂದು ಟೇಪಿನ ಸುರುಳಿ ಇಟ್ಟರು. ಅದು ಉರುಳುತ್ತಾ 'ಮೇಲೆ' ಹೋಯಿತು. ನೋಡಿದವರಿಗೆ ಆಶ್ಚರ್ಯ, ಕೆಲವರಿಗೆ ಭಯಭಕ್ತಿ! ಮೇಜಿನ ಮೇಲಿನ ಆಟಿಕೆ ರಸ್ತೆಗೇ ಹೀಗಾದರೆ ಹಿಮಾಲಯದಲ್ಲಿ ಕೈ ಮುಗಿಯದೆ ಇರುತ್ತಾರೆಯೇ?

ನಾವು ಲೇಹ್‌ಗೆ ಹೋದಾಗ ನಾನು ಬಾಟಲಿಯ ನೀರನ್ನು ಟಾರಿನ ಮೇಲೆ ಸುರಿದೆ. ನೀರಿಗೆ ಅಯಸ್ಕಾಂತದ ಹಂಗಿಲ್ಲವಲ್ಲ. ಅದು ಸಣ್ಣ ಗೆರೆಯಾಗಿ, ಜಲ್ಲಿಕಲ್ಲೊಂದನ್ನು ಬಳಸಿಕೊಂಡು, ನಿಧಾನವಾಗಿ ಕಾರು ಹೋದ ಕಡೆಗೇ ಹರಿಯಿತು. ಇನ್ನು ವಾದ ಮುಗಿಯಿತು ಎಂದು ನಾನು ಬೀಗುತ್ತಾ ನಿಂತಿದ್ದೆ.

ಭಾವ ಬಗ್ಗಿ ನೋಡಿದರು. "ನೋಡಿದ್ಯಾ, ನೀರನ್ನೂ ಬಿಡ್ತಾ ಇಲ್ಲ" ಅಂದರು.