ಪದ ಪರಿಚಯ: ಪ್ರಿಮಿಟಿವ್ ಅಬ್ಸೆಷನ್

ದಿನಾಂಕ, ಅವಧಿ, ಹಣ, ಫೋನ್ ನಂಬರ್ ಇವಕ್ಕೆಲ್ಲ ತಮ್ಮದೇ ಅರ್ಥವಿದೆ, ತಮ್ಮದೇ ಕಟ್ಟುಪಾಡಿದೆ. ಅದನ್ನೆಲ್ಲ ಬದಿಗಿಟ್ಟು ಮೆಥಡ್‌ಗೆ (ಹೆಸರು ಹಿಡಿದು ಕರೆಯುವ ಕೋಡ್ ತುಣುಕಿಗೆ) ಬರೀ ಇಂಟ್ (ಪೂರ್ಣಾಂಕ) ಅಥವಾ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಕಳಿಸುವ ಚಾಳಿಗೆ ಪ್ರೋಗ್ರಾಮರ್‌ಗಳು ಇಟ್ಟಿರುವ ಹೆಸರು ಪ್ರಿಮಿಟಿವ್ ಅಬ್ಸೆಷನ್, ಅಂದರೆ ಮೂಲ ಟೈಪ್‌ಗಳ (ದತ್ತಾಂಶದ ಬಗೆಗಳ) ಗೀಳು. ಬೈಗುಳದಂತೆ ಕೇಳಿಸುತ್ತದೆ, ಆದರೆ ಇದು ಯಾವಾಗಲೂ ಸೋಮಾರಿತನದಿಂದ ಬರುವುದಲ್ಲ. ಮೆಥಡ್ ಕರೆಯುವವರಿಗೆ ಸಲೀಸಾಗಲಿ ಎಂದುಕೊಂಡೇ ಹೀಗೆ ಬರೆಯುವವರು ಬಹಳ.

ಆ ಸಲೀಸಿನ ಬೆಲೆ ನೋಡಬೇಕಾದರೆ ಜಾವಾ ಭಾಷೆಯ ಹಳೆಯ ಡೇಟ್ ಕ್ಲಾಸ್ (ದಿನಾಂಕಕ್ಕೆಂದೇ ಮಾಡಿದ ಟೈಪ್) ಸಾಕು. ಅದರ ಒಂದು ಕನ್‌ಸ್ಟ್ರಕ್ಟರ್‌ಗೆ (ಹೊಸ ದಿನಾಂಕ ಸೃಷ್ಟಿಸುವ ಭಾಗಕ್ಕೆ) ವರ್ಷ, ತಿಂಗಳು, ದಿನ ಎಂದು ಮೂರು ಇಂಟ್ ಕೊಡಬೇಕು. 2024, 3, 15 ಎಂದು ಕೊಟ್ಟರೆ ಸಿಗುವುದು 3924ನೇ ಇಸವಿಯ ಏಪ್ರಿಲ್ 15! ಅಲ್ಲಿ ವರ್ಷವನ್ನು 1900ರಿಂದ ಎಣಿಸಬೇಕು, ತಿಂಗಳನ್ನು ಸೊನ್ನೆಯಿಂದ. ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಕಂಪೈಲರ್‌ಗೆ ಮೂರೂ ಬರೀ ಅಂಕಿಗಳು, ತಪ್ಪು ಕಂಡುಹಿಡಿಯುವುದಾದರೂ ಹೇಗೆ?

2014ರಲ್ಲಿ ಜಾವಾ 8ರ ಜೊತೆ ಬಂದ ಲೋಕಲ್‌ಡೇಟ್ ಈ ಎಣಿಕೆಯ ಗೋಜಲನ್ನು ತೆಗೆದುಹಾಕಿತು. ತಿಂಗಳನ್ನು ಅದಕ್ಕೆ ಎರಡು ರೀತಿ ಕೊಡಬಹುದು: 3 ಎಂಬ ಅಂಕಿಯಾಗಿ, ಇಲ್ಲವೇ ಮಂತ್.ಮಾರ್ಚ್ ಎಂಬ ಈನಮ್ (ಹೆಸರಿಟ್ಟ ನಿಗದಿತ ಆಯ್ಕೆಗಳ ಟೈಪ್) ಆಗಿ. ಅಂಕಿ ಕೊಡುವಾಗ ತಿಂಗಳು ಮತ್ತು ದಿನ ಅದಲು ಬದಲಾದರೆ ಕೆಲವೊಮ್ಮೆ ಎಕ್ಸೆಪ್ಷನ್, ಅಂದರೆ ಕೋಡ್ ಓಡುವಾಗಿನ ದೋಷ, ಬರುತ್ತದೆ (15ನೇ ತಿಂಗಳು ಇಲ್ಲವಲ್ಲ), 5 ಮತ್ತು 3ರಂಥವು ಸದ್ದಿಲ್ಲದೆ ಒಳಗೆ ಹೋಗುತ್ತವೆ. ಈನಮ್ ಆದರೆ ಅದಲು ಬದಲಾದ ಕೋಡ್ ಕಂಪೈಲೇ ಆಗುವುದಿಲ್ಲ.

ಟೈಪ್ ಇದ್ದರೆ ಸಾಕೇ ಎಂದರೆ, ಅದೂ ಇಲ್ಲ. ಗೋ ಭಾಷೆಯಲ್ಲಿ ಕೋಡ್‌ನ ಓಟವನ್ನು ಕೆಲಹೊತ್ತು ತಡೆಯುವ ಟೈಮ್.ಸ್ಲೀಪ್ ಕೇಳುವುದು ಡ್ಯುರೇಷನ್ (ಅವಧಿ) ಎಂಬ ಟೈಪನ್ನೇ. ಆದರೂ ಟೈಮ್.ಸ್ಲೀಪ್(5) ಎಂದರೆ ಯಾವ ತಕರಾರೂ ಇಲ್ಲದೆ ಕಂಪೈಲ್ ಆಗುತ್ತದೆ, ನಿಲ್ಲುವುದು ಮಾತ್ರ 5 ನ್ಯಾನೊಸೆಕೆಂಡ್. ಕೋಡ್‌ನಲ್ಲಿ ನೇರ ಬರೆದ ಅಂಕಿಗೆ ಟೈಪ್ ಅಂಟಿರುವುದಿಲ್ಲ, ಬೇಕಾದ ಟೈಪ್ ಆಗಲು ಗೋ ಬಿಡುತ್ತದೆ. 5 * ಟೈಮ್.ಸೆಕೆಂಡ್ ಎಂದು ಚೆಂದವಾಗಿ ಬರೆಯಲು ಆಗುವುದು ಇದೇ ಸಡಿಲದಿಂದ. ಅದೇ 5 ಒಂದು ಇಂಟ್ ವೇರಿಯಬಲ್‌ನಲ್ಲಿದ್ದರೆ ಗೋ ಒಪ್ಪುವುದಿಲ್ಲ, ಮೊದಲು ಡ್ಯುರೇಷನ್‌ಗೆ ಬದಲಿಸಿ ಎನ್ನುತ್ತದೆ. ಕಿರಿಕಿರಿ ಎನಿಸಿದರೂ ನನಗೆ ಈ ಹಟ ಇಷ್ಟ.

ಹಾಗೆಂದು ಎಲ್ಲಕ್ಕೂ ಒಂದೊಂದು ಕ್ಲಾಸ್ ಹೊಲಿಯಲು ಕೂತರೆ ಕೋಡ್ ಓದುವವರ ಗತಿ ಕೇಳುವುದೇ ಬೇಡ. ಲಾಗ್‌ಗೆ (ಪ್ರೋಗ್ರಾಂ ಮಾಡಿದ ಕೆಲಸದ ದಾಖಲೆಗೆ) ಒಂದು ಸಾಲು ಬರೆಯುವ ಮೆಥಡ್‌ಗೆ ಸ್ಟ್ರಿಂಗ್ ಧಾರಾಳ ಸಾಕು. ನಾನು ಬಿಗಿ ಮಾಡುವುದು ಒಂದೇ ಟೈಪಿನ ಎರಡು ಪ್ಯಾರಾಮೀಟರ್ (ಮೆಥಡ್ ಪಡೆಯುವ ಮೌಲ್ಯ) ಅಕ್ಕಪಕ್ಕ ಬಂದಾಗ, ಅಂಕಿಯ ಹಿಂದೆ ಸೆಕೆಂಡ್, ರೂಪಾಯಿ, ಪೈಸೆಯಂಥ ಅಳತೆ ಅಡಗಿದ್ದಾಗ, ಕರೆಯುವ ಜಾಗದಲ್ಲಿ ಬರೀ ಟ್ರೂ, ಫಾಲ್ಸ್ ಎಂದಷ್ಟೇ ಕಾಣಿಸುವಾಗ. ಫಾರಂನಿಂದಲೋ ಫೈಲ್‌ನಿಂದಲೋ ಬರುವ ಸ್ಟ್ರಿಂಗನ್ನು ಒಳಗೆ ಬಿಟ್ಟುಕೊಳ್ಳುವ ಕಡೆಯೇ ಒಮ್ಮೆ ಪಾರ್ಸ್ ಮಾಡಿಬಿಟ್ಟರೆ (ಓದಿ ಸರಿಯಾದ ಟೈಪ್‌ಗೆ ಬದಲಿಸಿಬಿಟ್ಟರೆ), ಒಳಗಿನ ಮೆಥಡ್‌ಗಳು ಲೋಕಲ್‌ಡೇಟ್ ಅನ್ನೇ ಕೇಳಬಹುದು, ಕರೆಯುವವರಿಗೂ ಹೆಚ್ಚುವರಿ ಟೈಪಿಂಗ್ ಬೀಳುವುದಿಲ್ಲ.