ಸ್ಮಾರ್ಟ್ ಮೀಟರನ್ನು ಹೋಮ್ ಅಸಿಸ್ಟೆಂಟ್‌ಗೆ ಸೇರಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆಗೆ ಹೊಸದಾಗಿ ಸ್ಮಾರ್ಟ್ ಮೀಟರ್ ಹಾಕಿದ್ದಾರೆ. ಮನೆಯಲ್ಲಿ ಈಗಾಗಲೇ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ಇದೆ. ದೀಪ, ಗೀಸರ್, ಸಂಪಿನ ಮೋಟರ್ ಎಲ್ಲ ಅದರಲ್ಲೇ ನಡೆಯುತ್ತವೆ. ಮೀಟರಿನ ಲೆಕ್ಕವೂ ಅದರಲ್ಲಿ ಕಾಣುವಂತೆ ಮಾಡಬಹುದೇ? ಮೀಟರಿಗೆ ವೈರ್ ಎಲ್ಲಿ ಕೊಡಬೇಕು?

ಮಾಡಬಹುದು. ಆದರೆ ಮೀಟರಿಗೆ ವೈರ್ ಎಲ್ಲೂ ಕೊಡಬಾರದು. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ, ಹಾಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಮೀಟರ್ ನಿಮ್ಮ ಗೋಡೆಯ ಮೇಲಿದ್ದರೂ ಅದರ ಸೀಲ್ ವಿದ್ಯುತ್ ಕಂಪನಿಯದು. ಸೀಲ್ ಮುಟ್ಟಿದರೆ, ಟರ್ಮಿನಲ್ ಕವರ್ ಬಿಚ್ಚಿದರೆ 2003ರ ವಿದ್ಯುತ್ ಕಾಯ್ದೆಯ 135 ಮತ್ತು 138ನೇ ಸೆಕ್ಷನ್‌ಗಳು ಅಡ್ಡ ಬರುತ್ತವೆ. ‘ಬರೀ ರೀಡಿಂಗ್ ನೋಡೋಕೆ ಬಿಚ್ಚಿದ್ದು ಸಾರ್’ ಎಂದರೆ ಯಾರೂ ಕೇಳುವುದಿಲ್ಲ.

‘ಸ್ಮಾರ್ಟ್’ ಎಂದು ಹೆಸರಿದ್ದ ಮೇಲೆ ಮನೆಯ ವೈಫೈಗೆ ಸೇರಿಕೊಳ್ಳಬೇಕಲ್ಲವೇ ಎಂದು ನಿಮಗೆ ಅನ್ನಿಸಬಹುದು. ನಮ್ಮ ದೇಶದ ಸ್ಮಾರ್ಟ್ ಮೀಟರ್ ಮಾತಾಡುವುದು ಕಂಪನಿಯ ಸರ್ವರ್ ಜೊತೆ ಮಾತ್ರ. ಒಳಗಿರುವ ಸಿಮ್ ಮೂಲಕವೋ, ಅಕ್ಕಪಕ್ಕದ ಮೀಟರುಗಳು ಒಂದಕ್ಕೊಂದು ದಾಟಿಸಿಕೊಳ್ಳುವ ರೇಡಿಯೋ ಮೂಲಕವೋ ಅದು ಲೆಕ್ಕ ಕಳಿಸುತ್ತದೆ. ಮೀಟರ್ ಹೇಗಿರಬೇಕು ಎನ್ನುವುದಕ್ಕೆ ಐಎಸ್ 16444, ಅದು ಯಾವ ಭಾಷೆಯಲ್ಲಿ ಲೆಕ್ಕ ಹೇಳಬೇಕು ಎನ್ನುವುದಕ್ಕೆ ಐಎಸ್ 15959 ಎಂಬ ಮಾನಕಗಳಿವೆ. ಆ ಭಾಷೆ ಡಿಎಲ್‌ಎಂಎಸ್. ಮೀಟರಿನ ಮುಖದ ಮೇಲೆ ದುಂಡಗಿನ ಆಪ್ಟಿಕಲ್ ಪೋರ್ಟ್ ಕಾಣುತ್ತದೆ. ಅದರಲ್ಲೂ ಇದೇ ಭಾಷೆ, ಆದರೆ ಪಾಸ್‌ವರ್ಡ್ ಕಂಪನಿಯ ಕೈಯಲ್ಲಿ. ಕಂಪನಿಯ ಆ್ಯಪ್‌ನಲ್ಲಿ ನಿಮಗೆ ಸಿಗುವುದು ಅರ್ಧ ಗಂಟೆಗೊಂದು, ದಿನಕ್ಕೊಂದು ಲೆಕ್ಕ, ಅದೂ ತಡವಾಗಿ. ತಿಂಗಳ ಬಿಲ್ ನೋಡಲು ಅಷ್ಟು ಸಾಕು, ಗೀಸರ್ ಈಗ ಉರಿಯುತ್ತಿದೆಯೇ ಎಂದು ತಿಳಿಯಲು ಸಾಲದು.

ಐಂಡ್‌ಹೋವನ್‌ನಲ್ಲಿರುವ ನನ್ನ ಗೆಳೆಯನ ಮನೆಯಲ್ಲಿ ಈ ಪಾಡಿಲ್ಲ. ನೆದರ್‌ಲ್ಯಾಂಡ್ಸ್‌ನ ಸ್ಮಾರ್ಟ್ ಮೀಟರುಗಳಲ್ಲಿ ‘ಪಿ1’ ಎಂಬ ಸಾಕೆಟ್ ಇರುತ್ತದೆ. ಅದನ್ನು ಇಟ್ಟಿರುವುದೇ ಗ್ರಾಹಕನಿಗಾಗಿ. ಟೆಲಿಫೋನ್ ವೈರಿನಂಥ ಒಂದು ಕೇಬಲ್ ಚುಚ್ಚಿದರೆ ಹೊಸ ಮೀಟರುಗಳು ಸೆಕೆಂಡಿಗೊಮ್ಮೆ ಲೆಕ್ಕ ಕೊಡುತ್ತವೆ, ಹೋಮ್ ಅಸಿಸ್ಟೆಂಟ್ ಅದನ್ನು ನೇರವಾಗಿ ಓದುತ್ತದೆ. ನಮ್ಮಲ್ಲೂ ಇಂಥದ್ದೊಂದು ಕಿಂಡಿ ಇರಬೇಕಿತ್ತು. ಬಳಸುವವನು ನಾನು, ದುಡ್ಡು ಕಟ್ಟುವವನು ನಾನು, ಆ ಕ್ಷಣದ ಲೆಕ್ಕ ಮೊದಲು ನನಗೆ ಸಿಗಬೇಕಾದದ್ದು ನ್ಯಾಯ.

ಆ ಕಿಂಡಿ ಇಲ್ಲದಿದ್ದರೂ ನಮಗೊಂದು ದಾರಿ ಇದೆ. ರಾತ್ರಿ ಮೀಟರ್ ಮುಂದೆ ನಿಂತು ನೋಡಿ. ಕೆಂಪು ಎಲ್‌ಇಡಿಯೊಂದು ಮಿನುಗುತ್ತಿರುತ್ತದೆ. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ. ಕೆಲವು ಮೀಟರುಗಳಲ್ಲಿ 1600, ಹಲವದರಲ್ಲಿ 3200. ಇದು ಸುಮ್ಮನೆ ಅಲಂಕಾರಕ್ಕೆ ಇಟ್ಟ ದೀಪವಲ್ಲ, ಪ್ರಯೋಗಾಲಯದಲ್ಲಿ ಮೀಟರಿನ ನಿಖರತೆ ಪರೀಕ್ಷಿಸುವುದೇ ಈ ಬೆಳಕನ್ನು ಎಣಿಸಿ. ನಮ್ಮ ಮನೆಯದು 3200ರ ಮೀಟರ್. ಅಂದರೆ ಎರಡು ಮಿನುಗುಗಳ ನಡುವೆ ಎಷ್ಟು ಸೆಕೆಂಡ್ ಎಂದು ನೋಡಿ, 1125ನ್ನು ಅದರಿಂದ ಭಾಗಿಸಿದರೆ ಆ ಕ್ಷಣದ ವ್ಯಾಟ್ ಸಿಗುತ್ತದೆ. ಒಂದು ಹಳೆಯ 75 ವ್ಯಾಟ್ ಫ್ಯಾನ್ ಮಾತ್ರ ತಿರುಗುತ್ತಿದ್ದರೆ 15 ಸೆಕೆಂಡಿಗೊಮ್ಮೆ ಮಿನುಗು. 2000 ವ್ಯಾಟ್ ಗೀಸರ್ ಹಾಕಿದರೆ 9 ಸೆಕೆಂಡಿಗೆ 16 ಸಲ. ಒಳಗೆ ಮಿಕ್ಸಿ ಹಾಕಿದ್ದು, ನಿಲ್ಲಿಸಿದ್ದು ಹೊರಗೆ ಮೀಟರ್ ಮುಂದೆ ನಿಂತವರಿಗೆ ಬರಿಗಣ್ಣಿಗೇ ಗೊತ್ತಾಗುತ್ತದೆ.

ಈ ಮಿನುಗನ್ನು ಎಣಿಸಲು ಬೇಕಾದದ್ದು ಇಎಸ್‌ಪಿ32 ಎಂಬ, ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್ ಒಂದು, ಎಲ್‌ಎಂ393 ಚಿಪ್ ಇರುವ ಬೆಳಕಿನ ಸೆನ್ಸರ್ ಒಂದು, ಹಳೆಯ ಮೊಬೈಲ್ ಚಾರ್ಜರ್ ಒಂದು. ಬೆಂಗಳೂರಿನವರಾದರೆ ಎಸ್‌ಪಿ ರಸ್ತೆಯಲ್ಲಿ ಇವೆಲ್ಲ ಒಂದೇ ಓಡಾಟದಲ್ಲಿ ಸಿಗುತ್ತವೆ. ಸೆನ್ಸರ್ ಕೊಳ್ಳುವಾಗ ಎಲ್‌ಡಿಆರ್ ಇರುವುದು ಬೇಡ, ಫೋಟೋಡಯೋಡ್ ಇರುವುದನ್ನು ಕೇಳಿ. ಎಲ್‌ಡಿಆರ್ ನಿಧಾನ, ಚುರುಕಾದ ಮಿನುಗನ್ನು ತಪ್ಪಿಸಿಬಿಡುತ್ತದೆ. ಸೆನ್ಸರನ್ನು ಎಲ್‌ಇಡಿಯ ಎದುರಿಗೆ ಹೊರಗಿನಿಂದ ಅಂಟಿಸಬೇಕು. ಕರೆಂಟ್ ಮನೆಯೊಳಗಿನ ಸಾಕೆಟ್‌ನಿಂದ ತಗೊಳ್ಳಿ. ಬೋರ್ಡಿಗೆ ಇಎಸ್‌ಪಿಹೋಮ್ ಎಂಬ ಸಾಫ್ಟ್‌ವೇರ್ ಹಾಕಿ, ಅದರಲ್ಲಿ ‘ಪಲ್ಸ್ ಮೀಟರ್’ ಎನ್ನುವ ಸೆನ್ಸರನ್ನು ಆರಿಸಿ. ‘ಪಲ್ಸ್ ಕೌಂಟರ್’ ಕೂಡ ಇದೆ, ಆದರೆ ಅದು ಇಷ್ಟು ಹೊತ್ತಿನಲ್ಲಿ ಎಷ್ಟು ಎಂದು ಎಣಿಸುತ್ತದೆ. ಪಲ್ಸ್ ಮೀಟರ್ ಎರಡು ಮಿನುಗಿನ ನಡುವಿನ ಹೊತ್ತನ್ನೇ ಅಳೆಯುತ್ತದೆ, ಕಡಿಮೆ ಲೋಡ್ ಇದ್ದಾಗಲೂ ಸರಿಯಾದ ಅಂಕಿ ಬರುತ್ತದೆ. ಅದು ಕೊಡುವುದು ನಿಮಿಷಕ್ಕೆ ಎಷ್ಟು ಮಿನುಗು ಎಂಬ ಲೆಕ್ಕ. 3200ರ ಮೀಟರಿಗೆ ಅದನ್ನು 18.75ರಿಂದ ಗುಣಿಸಿದರೆ ವ್ಯಾಟ್, 1600ರದ್ದಾದರೆ 37.5. ಒಟ್ಟು ಮಿನುಗನ್ನು 3200ರಿಂದ ಭಾಗಿಸಿದರೆ ಯೂನಿಟ್. ಅದನ್ನು ಹೋಮ್ ಅಸಿಸ್ಟೆಂಟ್‌ನ ಎನರ್ಜಿ ಡ್ಯಾಶ್‌ಬೋರ್ಡಿಗೆ ಕೊಟ್ಟರೆ ಗಂಟೆಗಂಟೆಯ ಗ್ರಾಫ್ ತಾನಾಗಿ ಬರುತ್ತದೆ.

ನಾನು ಮೊದಲ ಸಲ ಮಾಡಿದಾಗ ದಿನಾ ಮಧ್ಯಾಹ್ನ ಮೂರರಿಂದ ನಾಲ್ಕು ಗಂಟೆಯವರೆಗೆ ಗ್ರಾಫ್ ಹುಚ್ಚುಚ್ಚಾಗಿ ಏರುತ್ತಿತ್ತು. ಆ ಹೊತ್ತಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಒಂದು ಭಾನುವಾರ ಮೀಟರ್ ಹತ್ತಿರವೇ ಕೂತು ನೋಡಿದೆ: ಪಡುವಣ ಬಿಸಿಲು ಕಾಂಪೌಂಡಿನ ತೆಂಗಿನ ಗರಿಗಳ ನಡುವಿಂದ ನೇರ ಮೀಟರಿನ ಮೇಲೆ ಬೀಳುತ್ತಿತ್ತು, ಗರಿ ಅಲ್ಲಾಡಿದಾಗಲೆಲ್ಲ ಸೆನ್ಸರ್ ಅದನ್ನೂ ಎಣಿಸುತ್ತಿತ್ತು. ಚಪ್ಪಲಿಗೆ ಬಳಸುವ ಕಪ್ಪು ಫೋಮ್‌ನಿಂದ ರೂಪಾಯಿ ನಾಣ್ಯದಷ್ಟು ಕತ್ತರಿಸಿ, ನಡುವೆ ತೂತು ಮಾಡಿ ಸೆನ್ಸರಿನ ಸುತ್ತ ಕೂರಿಸಿದ ಮೇಲೆ ಸರಿಹೋಯಿತು. ಇನ್ನೊಂದು ಮಾತು: ಮೀಟರಿನಲ್ಲಿ ಒಂದಕ್ಕಿಂತ ಹೆಚ್ಚು ಎಲ್‌ಇಡಿ ಇದ್ದರೆ ಕೆಡಬ್ಲ್ಯೂಎಚ್ (kWh, ಅಂದರೆ ಯೂನಿಟ್) ಎಂದು ಬರೆದದ್ದೇ ನಿಮ್ಮದು.

ಅಂಟಿಸಲು ಆಯಸ್ಕಾಂತ ಮಾತ್ರ ಬೇಡ. ಯೂರೋಪಿನ ಮೀಟರುಗಳಿಗೆಂದು ಮಾಡಿದ, ಆಯಸ್ಕಾಂತದಿಂದ ಕಚ್ಚಿಕೊಳ್ಳುವ ರೀಡರುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ನಮ್ಮ ಮೀಟರುಗಳು ಆಯಸ್ಕಾಂತ ಇಟ್ಟು ಕಳ್ಳತನ ಮಾಡುವುದನ್ನು ಹಿಡಿಯಲೆಂದೇ ಅದರ ಪ್ರಭಾವವನ್ನು ದಿನಾಂಕ, ಹೊತ್ತಿನ ಸಮೇತ ದಾಖಲಿಸಿಕೊಳ್ಳುತ್ತವೆ. ಒಳ್ಳೆಯ ಉದ್ದೇಶಕ್ಕೆ ಇಟ್ಟದ್ದು ಎಂದು ಮೀಟರಿಗೆ ಗೊತ್ತಾಗುವುದಿಲ್ಲ. ಕಿತ್ತರೆ ಗುರುತು ಉಳಿಯದ ಟೇಪ್ ಬಳಸಿ, ಡಿಸ್‌ಪ್ಲೇ, ಸೀಲ್, ಆಪ್ಟಿಕಲ್ ಪೋರ್ಟ್ ಯಾವುದನ್ನೂ ಮುಚ್ಚಬೇಡಿ, ಹಾಕುವ ಮೊದಲು ನಿಮ್ಮ ಸೆಕ್ಷನ್ ಆಫೀಸಿನಲ್ಲಿ ಒಂದು ಮಾತು ಹೇಳಿ. ಮೀಟರಿಗೆ ಏನೋ ಅಂಟಿದ್ದು ಕಂಡರೆ ಲೈನ್‌ಮನ್‌ಗೆ ಅನುಮಾನ ಬರುವುದು ಸಹಜ.

ಅಪಾರ್ಟ್‌ಮೆಂಟಿನವರಿಗೆ ತೊಡಕು ಬೇರೆ. ಮೀಟರುಗಳೆಲ್ಲ ಬೇಸ್‌ಮೆಂಟಿನ ಕೋಣೆಯಲ್ಲಿ ಸಾಲಾಗಿ ಇರುತ್ತವೆ, ನಾಲ್ಕನೇ ಮಹಡಿಯ ವೈಫೈ ಅಲ್ಲಿಗೆ ಇಳಿಯುವುದಿಲ್ಲ. ಅಂಥವರು ಮೀಟರನ್ನು ಬಿಟ್ಟು, ಫ್ಲ್ಯಾಟಿನ ಡಿಬಿ ಬಾಕ್ಸಿನಲ್ಲೇ, ಅಂದರೆ ಎಂಸಿಬಿ ಸ್ವಿಚ್ಚುಗಳಿರುವ ಪೆಟ್ಟಿಗೆಯಲ್ಲೇ, ಅಳೆಯುವುದು ವಾಸಿ. ಪಿಜೆಡ್‌ಇಎಂ-004ಟಿ ಎಂಬ ಸಣ್ಣ ಮಾಡ್ಯೂಲ್ ವೋಲ್ಟೇಜ್, ಕರೆಂಟ್, ಪವರ್ ಫ್ಯಾಕ್ಟರ್ ಮೂರನ್ನೂ ಅಳೆಯುತ್ತದೆ. ಕರೆಂಟ್ ಅಳೆಯುವ ಅದರ ಬಳೆಯಂಥ ಸಿಟಿ ಕಾಯಿಲ್ ಒಳಗೆ ಫೇಸ್ ವೈರ್ ಒಂದೇ ಹಾಯಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ತೂರಿಸಿದರೆ ಒಂದು ಇನ್ನೊಂದನ್ನು ವಜಾ ಮಾಡಿ ಸೊನ್ನೆ ತೋರಿಸುತ್ತದೆ. ವೋಲ್ಟೇಜ್ ಅಳೆಯದ, ವೈರಿಗೆ ಕಚ್ಚಿಸುವ ಬರೀ ಕ್ಲ್ಯಾಂಪ್ ಮಾತ್ರ ಹಾಕುವವರು ವೋಲ್ಟೇಜನ್ನು 230 ಎಂದು ಊಹಿಸಿಕೊಳ್ಳಬೇಕಾಗುತ್ತದೆ. ಸಂಜೆ ಹೊತ್ತು ಊರಿನ ವೋಲ್ಟೇಜ್ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಮೇನ್ ಸ್ವಿಚ್ ಇಳಿಸಿದರೂ ಅದರ ಮೇಲ್ಭಾಗಕ್ಕೆ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಜೀವ ಹೋಗುವುದು ಅಲ್ಲಿ.

ತಾರಸಿಯಲ್ಲಿ ಸೋಲಾರ್ ಇರುವವರೂ ಡಿಬಿಯ ದಾರಿಯನ್ನೇ ಹಿಡಿಯಿರಿ. ಮನೆಗೆ ಬರುವ ಕರೆಂಟಿಗೂ ಗ್ರಿಡ್‌ಗೆ ಹೋಗುವ ಕರೆಂಟಿಗೂ ಎಲ್‌ಇಡಿ ಒಂದೇ ರೀತಿ ಮಿನುಗುತ್ತದೆ; ದಿಕ್ಕು ತಿಳಿಯುವುದಿಲ್ಲ. ಪಿಜೆಡ್‌ಇಎಂಗೂ ದಿಕ್ಕು ತಿಳಿಯದು, ಹಾಗಾಗಿ ಎರಡೂ ಕಡೆ ಅಳೆಯಬಲ್ಲ ಎನರ್ಜಿ ಮೀಟರನ್ನೇ ಕೇಳಿ ಕೊಳ್ಳಿ.

ಇಷ್ಟೆಲ್ಲ ಮಾಡಿ ಏನು ಸಿಗುತ್ತದೆ? ನಮ್ಮಲ್ಲಿ ಮೊದಲು ಕಂಡದ್ದು ರಾತ್ರಿ ಎರಡು ಗಂಟೆಯ ಗೆರೆ. ಎಲ್ಲ ಮಲಗಿದ್ದಾರೆ, ಫ್ರಿಜ್ಜಿನ ಕಂಪ್ರೆಸರ್ ಕೂಡ ನಿಂತಿದೆ, ಆದರೂ ಗೆರೆ 90 ವ್ಯಾಟ್‌ನಿಂದ ಕೆಳಗಿಳಿಯುತ್ತಿಲ್ಲ. ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 65. ಒಂದೊಂದೇ ಎಂಸಿಬಿ ಇಳಿಸುತ್ತ ಹೋದಾಗ ಸಿಕ್ಕಿದ್ದು ಬ್ಯಾಟರಿ ಹಳತಾದ ಯುಪಿಎಸ್. ತುಂಬದ ಬ್ಯಾಟರಿಯನ್ನು ಇಡೀ ರಾತ್ರಿ ತುಂಬಿಸುತ್ತಲೇ ಇತ್ತು. ಬ್ಯಾಟರಿ ಬದಲಿಸಿದ ಮೇಲೆ ಗೆರೆ 30ರ ಆಸುಪಾಸಿಗೆ ಇಳಿಯಿತು.

ಗೃಹಜ್ಯೋತಿ ಇರುವ ಮನೆಗಳಿಗೆ ಇದರಿಂದ ಇನ್ನೂ ನೇರ ಉಪಯೋಗವಿದೆ. 2022-23ರ ಸರಾಸರಿ ಬಳಕೆ ನೋಡಿ ನಿಮ್ಮ ಮನೆಗೊಂದು ಉಚಿತ ಬಳಕೆಯ ಮಿತಿ ಹಾಕಿರುತ್ತಾರೆ, ಅದು ಎಷ್ಟೇ ಇರಲಿ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಹೋಮ್ ಅಸಿಸ್ಟೆಂಟ್‌ನ ‘ಯುಟಿಲಿಟಿ ಮೀಟರ್’ನಲ್ಲಿ ತಿಂಗಳನ್ನು ಒಂದನೇ ತಾರೀಕಿನ ಬದಲು ನಿಮ್ಮ ರೀಡಿಂಗ್ ತಾರೀಕಿನಿಂದ ಶುರುಮಾಡಬಹುದು. 180 ಮುಟ್ಟಿದಾಗ ಮೊಬೈಲಿಗೆ ‘ಇನ್ನು 20 ಯೂನಿಟ್ ಬಾಕಿ’ ಎಂದು ಸಂದೇಶ ಬರುವಂತೆ ಇಟ್ಟುಕೊಳ್ಳಿ. ಸಂಪಿನ ಮೋಟರ್ ಓಡುವಾಗ ವ್ಯಾಟ್ ದಿಢೀರನೆ ಇಳಿದರೆ ಸಂಪು ಬರಿದಾಗಿದೆ ಎಂದು ಅರ್ಥ, ನೀರಿಲ್ಲದೆ ತಿರುಗುವ ಮೋಟರ್ ಕಡಿಮೆ ಕರೆಂಟ್ ಎಳೆಯುತ್ತದೆ. ಮೋಟರ್ ಸುಡುವ ಮೊದಲೇ ನಿಲ್ಲಿಸಬಹುದು. ಗೀಸರ್, ಇಂಡಕ್ಷನ್, ಇಸ್ತ್ರಿಪೆಟ್ಟಿಗೆ ಮೂರೂ ಒಟ್ಟಿಗೆ ಬಿದ್ದು ಮಂಜೂರಾದ ಲೋಡ್ ದಾಟುವಂತಿದ್ದರೆ ಗೀಸರನ್ನು ಹತ್ತು ನಿಮಿಷ ತಡೆಹಿಡಿಯಬಹುದು. ಸ್ಮಾರ್ಟ್ ಮೀಟರ್ ಗರಿಷ್ಠ ಬೇಡಿಕೆಯನ್ನು ಬರೆದಿಟ್ಟುಕೊಳ್ಳುತ್ತದೆ ಎನ್ನುವುದು ನೆನಪಿರಲಿ.

ಶುರುವಿನ ಒಂದು ವಾರ ಎರಡೂ ಲೆಕ್ಕ ತಾಳೆ ನೋಡಿ. ಬೆಳಿಗ್ಗೆ ಏಳಕ್ಕೆ ಮೀಟರಿನ ಡಿಸ್‌ಪ್ಲೇಯ ಫೋಟೋ ತೆಗೆಯಿರಿ, ಮಾರನೆಯ ದಿನ ಅದೇ ಹೊತ್ತಿಗೆ ಇನ್ನೊಂದು. ಕರೆಂಟ್ ಹೋಗಿ ಬಂದಾಗ ಬೋರ್ಡ್ ಎದ್ದು ವೈಫೈ ಹಿಡಿಯುವಷ್ಟರಲ್ಲಿ ಕೆಲವು ಮಿನುಗು ತಪ್ಪುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದಿನಕ್ಕೆ ಅರ್ಧ ಯೂನಿಟ್‌ನಷ್ಟು ವ್ಯತ್ಯಾಸ ಬಂದರೆ ಮಾತ್ರ ಫೋಮ್ ಬಿಚ್ಚಿ, ಸೆನ್ಸರ್ ಎಲ್‌ಇಡಿಯ ನೇರಕ್ಕೇ ಇದೆಯೇ ಎಂದು ಇನ್ನೊಮ್ಮೆ ನೋಡಿ.