ಉತ್ತರ ಸರಿ, ಅರ್ಥ ಆಗಿಲ್ಲ: ಓದಿನ ಗ್ರಹಿಕೆಯನ್ನು ಶಾಲೆ ಕಲಿಸಲು ಹೊರಟ ಕಥೆ

‘ಮಿಟುಕನು ಜೊಗಳೆಯಲ್ಲಿ ಟಪಕವನ್ನು ಗುರಿಸಿದನು.’ ಈ ವಾಕ್ಯಕ್ಕೆ ಅರ್ಥವೇ ಇಲ್ಲ. ಆದರೂ ‘ಮಿಟುಕನು ಟಪಕವನ್ನು ಎಲ್ಲಿ ಗುರಿಸಿದನು?’ ಎಂದು ಕೇಳಿದರೆ ನಾಲ್ಕನೇ ತರಗತಿಯ ಮಗು ‘ಜೊಗಳೆಯಲ್ಲಿ’ ಎಂದು ಬರೆದು ಪೂರ್ಣ ಅಂಕ ಗಿಟ್ಟಿಸಬಹುದು. ವಿಭಕ್ತಿ ಪ್ರತ್ಯಯವೇ ಉತ್ತರ ಹೇಳಿಕೊಡುತ್ತದೆ. ಗದ್ಯಭಾಗ ಓದಿ ಉತ್ತರಿಸುವ ಅಭ್ಯಾಸಗಳಲ್ಲಿ ಈ ಜಾತಿಯ ಪ್ರಶ್ನೆಗಳೇ ತುಂಬಿದ್ದರೆ ಮಕ್ಕಳು ಕಲಿಯುವುದು ಸಾಲು ಹುಡುಕುವುದನ್ನು. ಮುಂದೆ ವಿಜ್ಞಾನದ ಒಂದು ಪುಟ ಓದಿಸಿ ‘ಏನು ಹೇಳಿದೆ?’ ಎಂದಾಗ ಅದೇ ಮಕ್ಕಳು ತಡವರಿಸುತ್ತಾರೆ.

ತಪ್ಪಿಲ್ಲದೆ ಗಟ್ಟಿಯಾಗಿ ಉಚ್ಚರಿಸಿದರೆ ಓದು ಬಂತು ಎಂಬ ನಂಬಿಕೆ ಬಹುಕಾಲ ಇತ್ತು. 1917ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಅದನ್ನು ಪ್ರಶ್ನಿಸಿದರು. ಫ್ರಾಂಕ್ಲಿನ್ ಎಂಬ ಊರಿನ ಶಾಲಾ ಹಾಜರಾತಿಯ ನಿಯಮ ಹೇಳುವ ಪ್ಯಾರಾ ಕೊಟ್ಟು, ಅದರ ಮುಖ್ಯ ವಿಷಯವೇನೆಂದು ಮಕ್ಕಳನ್ನು ಕೇಳಿದಾಗ ಕೆಲವರು ಬರೀ ‘ಫ್ರಾಂಕ್ಲಿನ್’ ಎಂದು ಬರೆದರು. ಒಂದು ಪದಕ್ಕೆ ಅತಿಯಾದ ತೂಕ, ಇನ್ನೊಂದಕ್ಕೆ ತೀರ ಕಡಿಮೆ ತೂಕ ಕೊಟ್ಟಾಗ ಅರ್ಥ ಕೆಡುತ್ತದೆ, ಆದ್ದರಿಂದ ಓದುವುದೂ ಒಂದು ಬಗೆಯ ತರ್ಕವೇ ಎಂಬುದು ಅವರ ವಾದ.

ತರಗತಿಗೆ ಇದು ಇಳಿಯಲೇ ಇಲ್ಲ. 1970ರ ದಶಕದ ಕೊನೆಗೆ ಶಿಕ್ಷಣ ಸಂಶೋಧಕಿ ಡೊಲೊರೆಸ್ ಡರ್ಕಿನ್ ಅಮೆರಿಕದ ನಾಲ್ಕನೇ ತರಗತಿಗಳಲ್ಲಿ 4,469 ನಿಮಿಷಗಳ ಓದಿನ ಪಾಠ ಗಮನಿಸಿದರು. ಗ್ರಹಿಸುವುದು ಹೇಗೆಂದು ಕಲಿಸಲು ಅದರಲ್ಲಿ ಸಂದಿದ್ದು 20 ನಿಮಿಷ! ಶಿಕ್ಷಕರು ಪ್ರಶ್ನೆ ಕೇಳಿ ಉತ್ತರ ಪರಿಶೀಲಿಸುತ್ತಿದ್ದರು. ಅಂದರೆ ಪರೀಕ್ಷೆ ನಡೆಯುತ್ತಿತ್ತು, ಬೋಧನೆ ನಡೆಯುತ್ತಿರಲಿಲ್ಲ.

1984ರಲ್ಲಿ ಆನ್‌ಮರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ ಒಂದು ದಾರಿ ತೋರಿಸಿದರು. ಪ್ಯಾರಾ ಓದಿದ ಮೇಲೆ ಪ್ರಶ್ನೆ ಕೇಳುವುದು, ಸಾರ ಹೇಳುವುದು, ತೊಡಕಾದ ಕಡೆ ಬಿಡಿಸುವುದು, ಮುಂದೇನೆಂದು ಊಹಿಸುವುದು. ಮೊದಲು ಶಿಕ್ಷಕರು ಮಾಡಿ ತೋರಿಸಿ, ಬರಬರುತ್ತಾ ಮಕ್ಕಳೇ ಸರದಿಯಂತೆ ಗುಂಪು ನಡೆಸುವುದು. ಆದರೆ ತಂತ್ರಗಳಷ್ಟೇ ಸಾಲವು. 1986ರಲ್ಲಿ ಗಫ್ ಮತ್ತು ಟನ್ಮರ್ ಓದಿನ ಗ್ರಹಿಕೆಯನ್ನು ಒಂದು ಗುಣಾಕಾರವಾಗಿ ಬರೆದರು: ಅಕ್ಷರ ಬಿಡಿಸುವ ಶಕ್ತಿ × ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ. ಒಂದು ಸೊನ್ನೆಯಾದರೆ ಫಲವೂ ಸೊನ್ನೆ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆ ಓದಲು ಕೊಟ್ಟರು. ಆಟ ಗೊತ್ತಿದ್ದ ‘ದುರ್ಬಲ’ ಓದುಗರು ಆಟ ಗೊತ್ತಿಲ್ಲದ ‘ಜಾಣ’ ಓದುಗರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ವಿಷಯಜ್ಞಾನದ ಬೆಲೆ ಇಷ್ಟು ಸ್ಪಷ್ಟವಾಗಿ ಕಂಡ ಮೇಲೂ ವಾರಕ್ಕೊಂದು ಸಂಬಂಧವಿಲ್ಲದ ಗದ್ಯಭಾಗ ಕೊಡುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಹಾಗಾಗಿ ಮೊದಲು ತೊಡಕು ಎಲ್ಲಿದೆ ಎಂದು ನೋಡಬೇಕು. ಒಂದೇ ಮಟ್ಟದ, ಸುಮಾರು 150 ಪದಗಳ ಎರಡು ಪಾಠ ತೆಗೆದುಕೊಳ್ಳಿ. ಒಂದನ್ನು ಮಗು ಓದಲಿ, ಇನ್ನೊಂದನ್ನು ನೀವು ಓದಿ ಹೇಳಿ. ಎರಡನ್ನೂ ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಹೇಳಲಿ. ಕೇಳಿದ್ದು ಅರ್ಥವಾಗಿ ಓದಿದ್ದು ಆಗದಿದ್ದರೆ ತೊಡಕು ಅಕ್ಷರದಲ್ಲಿದೆ. ಒತ್ತಕ್ಷರದ ಬಳಿ ನಿಂತು ನಿಂತು ಓದುವ ಮಗು ವಾಕ್ಯದ ಕೊನೆ ತಲುಪುವಷ್ಟರಲ್ಲಿ ಮೊದಲನ್ನು ಮರೆತಿರುತ್ತದೆ. ಅದಕ್ಕೆ ಸಾರಾಂಶ ಬರೆಸಿ ಉಪಯೋಗವಿಲ್ಲ. ಚಿಕ್ಕ ಪಾಠವೊಂದನ್ನು ಮೂರು ನಾಲ್ಕು ಸಲ ಓದಿಸಿ ಓದನ್ನು ಸಲೀಸು ಮಾಡಬೇಕು. ಕೇಳಿದ್ದೂ ಅರ್ಥವಾಗದಿದ್ದರೆ ಕೊರತೆ ಪದಸಂಪತ್ತಿನದು, ವಿಷಯಜ್ಞಾನದ್ದು.

40 ನಿಮಿಷದ ಪಿರಿಯಡ್‌ನಲ್ಲಿ ಮೊದಲ ಐದು ನಿಮಿಷ ಹಿನ್ನೆಲೆಗೆ, ಮೂರು ನಾಲ್ಕು ಪದಗಳಿಗೆ ಸಾಕು. ‘ಹೊರತು’, ‘ಆದಾಗ್ಯೂ’ ಮುಂತಾದವನ್ನು ಬಿಡಬೇಡಿ, ವಾಕ್ಯದ ದಿಕ್ಕು ತಿರುಗುವುದು ಅಲ್ಲೇ. ನಂತರ ಪ್ಯಾರಾಕ್ಕೊಮ್ಮೆ ನಿಲ್ಲಿಸಿ ಓದಿಸಿ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಇಡೀ ತರಗತಿ ‘ಹೂಂ’ ಅನ್ನುತ್ತದೆ, ಏನೂ ತಿಳಿಯುವುದಿಲ್ಲ. ಈ ವಾಕ್ಯ ನೋಡಿ: ‘ಗಿರಿಜ ಕೊಡೆಯನ್ನು ಬಾಗಿಲ ಹೊರಗೆ ಬಿಡಿಸಿಟ್ಟು, ತಲೆ ಒರೆಸಿಕೊಳ್ಳುತ್ತಾ ಒಳಗೆ ಬಂದಳು.’ ಮಳೆ ಎಂಬ ಪದ ಇಲ್ಲಿಲ್ಲ. ಹೊರಗೆ ಏನಾಗುತ್ತಿದೆ? ಯಾವ ಪದಗಳಿಂದ ತಿಳಿಯಿತು? ಕೊಡೆ ಇದ್ದೂ ತಲೆ ಏಕೆ ನೆನೆಯಿತು? ಎರಡನೇ ಪ್ರಶ್ನೆಯನ್ನು ಯಾವತ್ತೂ ತಪ್ಪಿಸಬಾರದು. ಆಧಾರ ಕೇಳದಿದ್ದರೆ ಊಹೆ ಬರೀ ಆಟವಾಗುತ್ತದೆ.

ಕೊನೆಯ ಹತ್ತು ನಿಮಿಷ ಪುಸ್ತಕ ಮುಚ್ಚಿಸಿ ಎರಡೇ ವಾಕ್ಯದ ಸಾರ ಬರೆಸಿ. ಪುಸ್ತಕ ತೆರೆದಿದ್ದರೆ ಬಹಳಷ್ಟು ಮಕ್ಕಳು ಮೊದಲ ಸಾಲನ್ನೂ ಕೊನೆಯ ಸಾಲನ್ನೂ ನಕಲು ಮಾಡಿಡುತ್ತಾರೆ. ಒಬ್ಬೊಬ್ಬರಾಗಿ ಎದ್ದು ಒಂದೊಂದು ಸಾಲು ಓದುವ ಪದ್ಧತಿಯೂ ಗ್ರಹಿಕೆಗೆ ಒದಗದು: ಮಗು ತನ್ನ ಸಾಲನ್ನು ಮೊದಲೇ ಎಣಿಸಿ ಅದರ ಮೇಲೆ ಬೆರಳಿಟ್ಟು ಕೂರುತ್ತದೆ, ಉಳಿದವರು ಓದಿದ್ದು ಕಿವಿಗೆ ಬೀಳುವುದಿಲ್ಲ.

ಪಾಠದ ಆಯ್ಕೆಗೂ ಒಂದು ಅಳತೆ ಇದೆ. ಎರಡನೇ ಭಾಷೆಯಲ್ಲಿ ಓದುವವರ ಬಗ್ಗೆ 2000ದಲ್ಲಿ ಪ್ರಕಟವಾದ, ಹೂ ಮತ್ತು ನೇಷನ್ ಎಂಬ ಸಂಶೋಧಕರ ಅಧ್ಯಯನದ ಪ್ರಕಾರ, ನೆರವಿಲ್ಲದೆ ಓದಿ ಗ್ರಹಿಸಲು ಸುಮಾರು 98% ಪದಗಳು ಗೊತ್ತಿರಬೇಕು, ಅಂದರೆ 50ಕ್ಕೆ ಒಂದು ಹೊಸ ಪದ. ಅದಕ್ಕಿಂತ ಕಠಿಣವಾದದ್ದನ್ನು ಜೊತೆಗೂಡಿ ಓದಿ. ಎರಡು ಮೂರು ವಾರ ಒಂದೇ ವಿಷಯದ, ಉದಾಹರಣೆಗೆ ಹಕ್ಕಿಗಳ ವಲಸೆಯ ಬಗ್ಗೆ ನಾಲ್ಕೈದು ಬರಹ ಓದಿಸಿ. ಆಮೇಲೆ ಅದೇ ವಿಷಯದ, ಮಕ್ಕಳು ಕಂಡಿರದ ಬರಹ ಕೊಟ್ಟು, ಸಾಲು ಹುಡುಕಿ ಬರೆಯಲಾಗದ ಮೂರು ಪ್ರಶ್ನೆ ಕೇಳಿ.